ಬೈಯದೆ ಹೊಡೆದ ದಿನ

ನಮ್ಮ ಅತ್ತಿಗೆಯನ್ನು ಮಾರ್ಕೆಟ್ಟಿನವರೆಲ್ಲ ಸುತ್ತಿಗೆ ಅನ್ನುತ್ತಿದ್ದರು. ಬೆನ್ನ ಹಿಂದೆ ಮಾತ್ರ. ಎದುರಿಗೆ ಅನ್ನುವ ಎದೆಗಾರಿಕೆ ಅಲ್ಲಿನ ಯಾವ ಗಂಡಸಿಗೂ ಇರಲಿಲ್ಲ. ಅವಳು ನನ್ನ ಅಣ್ಣನ ಹೆಂಡತಿ. ಮಟನ್ ಅಂಗಡಿ ಅವಳದು. ಮಚ್ಚು ಅವಳ ಕೈಯಲ್ಲಿ, ತಕ್ಕಡಿ ನನ್ನ ಕೈಯಲ್ಲಿ. ಒಂದೇ ಕಟ್ಟೆಯ ಮೇಲೆ ನಿಂತು ನಾವಿಬ್ಬರು ಹೆಂಗಸರೂ ಕೂದಲು ಬೆಳ್ಳಗೆ ಮಾಡಿಕೊಂಡೆವು.

ಅವಳು ಹೊಡೆಯುತ್ತಿದ್ದಳು. ಮುಚ್ಚಿಟ್ಟು ಏನಾಗಬೇಕಾಗಿದೆ? ಪಕ್ಕದ ಕೋಳಿ ಅಂಗಡಿಯವನು ತನ್ನ ಪಂಜರಗಳನ್ನು ದಿನಕ್ಕಿಷ್ಟಿಷ್ಟೇ ನಮ್ಮ ಕಡೆಗೆ ಸರಿಸುತ್ತಾ ಬಂದ. ಅತ್ತಿಗೆ ಮೊದಲು ಅವನಿಗೆ ಬೈದಳು, ಆಮೇಲೆ ಅವನ ಅಪ್ಪನಿಗೆ, ಆಮೇಲೆ ಇಡೀ ವಂಶಕ್ಕೆ. ಅವನು ಹಲ್ಲು ಕಿರಿದ. ಕೊಕ್ಕೆಯಲ್ಲಿ ನೇತಾಡುತ್ತಿದ್ದ ಕುರಿಯ ಹಿಂಗಾಲನ್ನೇ ಕಿತ್ತು ಮುಖಕ್ಕೆ ಬಾರಿಸಿದಳು ನೋಡಿ! ಅಂಗಿಯ ಮೇಲಿದ್ದ ರಕ್ತ ಅವನದೋ ಕುರಿಯದೋ ಅವನಿಗೇ ಗೊತ್ತಾಗಲಿಲ್ಲ. ಆ ಕಾಲನ್ನು ತೊಳೆದು ಮತ್ತೆ ಕೊಕ್ಕೆಗೆ ಹಾಕಿದಳು. ಮಧ್ಯಾಹ್ನದ ಒಳಗೆ ನಾನು ಅದನ್ನು ತೂಗಿ ಮಾರಿದೆ.

ನನ್ನ ಅಣ್ಣನೂ ಏಟು ತಿಂದಿದ್ದ. ಹೊಸದಾಗಿ ಮದುವೆಯಾದಾಗ ಕುಡಿದು ಬಂದು ಇವಳ ಕೂದಲು ಹಿಡಿದು ಗೋಡೆಗೆ ತಲೆ ಗುದ್ದಿಸುತ್ತಿದ್ದ. ಎಷ್ಟೋ ದಿನ ಸಹಿಸಿಕೊಂಡಳು. ಒಂದು ಬೆಳಿಗ್ಗೆ ಅವನು ಕೂಸು ಮಲಗಿದ್ದ ತೊಟ್ಟಿಲನ್ನು ಒದ್ದ. "ಲೇ ಬೇವರ್ಸಿ, ನನ್ನ ಮೈ ಅಂತ ಸುಮ್ಮನಿದ್ದೆ, ನನ್ನ ಮಗು ಮುಟ್ತೀಯೇನೋ" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿ, ತೂಕದ ಕಬ್ಬಿಣದ ಕಲ್ಲು ಎತ್ತಿ ಅವನ ಮೊಣಕಾಲ ಚಿಪ್ಪು ಒಡೆದಳು. ಕುಂಟುತ್ತಾ ಹೋದವನು ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಒಡಹುಟ್ಟಿದವನನ್ನು ಬಿಟ್ಟು ಹೊರಗಿನಿಂದ ಬಂದವಳ ಜೊತೆ ಇದ್ದೀಯಲ್ಲ ಎಂದು ಜನ ನನ್ನನ್ನು ಹೀಯಾಳಿಸಿದರು. ಅವನನ್ನು ನಿಮ್ಮ ಮನೆಯಲ್ಲೇ ಇಟ್ಟುಕೊಳ್ಳಿ ಎಂದೆ. ಯಾರೂ ಮುಂದೆ ಬರಲಿಲ್ಲ.

ಆದರೆ ಅವಳ ಹೊಡೆತಕ್ಕೆ ಒಂದು ಕ್ರಮವಿತ್ತು. ಮೊದಲು ಬೈಗುಳ, ಆಮೇಲೆ ಕೈ. ಬುದ್ಧಿ ಇದ್ದವನಿಗೆ ಓಡಿಹೋಗಲು ಬೇಕಾದಷ್ಟು ಸಮಯ ಸಿಗುತ್ತಿತ್ತು. ಬೈಯದೆ ಹೊಡೆದದ್ದನ್ನು ನಾನು ಒಮ್ಮೆಯೂ ಕಂಡವಳಲ್ಲ. ಇನ್ನು ಮಗಳ ಮೇಲೆ ಅವಳು ಕೈ ಎತ್ತಿದ್ದೇ ಇಲ್ಲ. ಅರ್ಧ ಮಾರ್ಕೆಟ್ಟಿನ ಬೆನ್ನು ಮುರಿದವಳು ಮಗಳ ತಲೆ ಬಾಚುವಾಗ ಸಿಕ್ಕು ಎಳೆದರೆ ತಾನೇ "ಅಯ್ಯೋ" ಅನ್ನುತ್ತಿದ್ದಳು. ಆ ಹುಡುಗಿ ಬೆಳೆದು ಬಸ್ ಕಂಪನಿಯ ಆಫೀಸಿನಲ್ಲಿ ಕೆಲಸಕ್ಕೆ ಸೇರಿದಳು. ಬೆಳಿಗ್ಗೆ ಕೆಲಸಕ್ಕೆ ಹೋಗುವ ದಾರಿಯಲ್ಲಿ ನಮಗೆ ಊಟದ ಡಬ್ಬಿ ಕೊಟ್ಟು ಹೋಗುತ್ತಿದ್ದಳು.

ಆ ವರ್ಷ ಅತ್ತಿಗೆ ಮಂಕಾಗತೊಡಗಿದಳು. ಗಿರಾಕಿ ಏನು ಕೇಳಿದ ಎಂದು ನನ್ನನ್ನು ಮತ್ತೆ ಮತ್ತೆ ಕೇಳುವಳು. ಏನೂ ಸುಡದಿದ್ದರೂ ಸುಟ್ಟ ವಾಸನೆ ಅನ್ನುವಳು. ಕೆಲವು ಸಲ ಬಾಯಿಯ ಒಂದು ಬದಿ ತಾನಾಗಿಯೇ ಅದುರಿ, ಕಣ್ಣು ಎಲ್ಲೋ ನೆಟ್ಟು ನಿಂತುಬಿಡುವಳು. ನಿದ್ದೆ ಇಲ್ಲ. ಅಂಗಡಿಯ ಹಿಂದೆ ನಿಂತು ಸಿಗರೇಟು ಸೇದುವ ಚಟ ಮೊದಲಿನಿಂದ ಇತ್ತು, ಕೆಮ್ಮು ಶುರುವಾದಾಗ ಅದರದ್ದೇ ಅಂದುಕೊಂಡೆವು. ಒಂದು ದಿನ ಹಳೆಯ ಗಿರಾಕಿ, ಪಾಪದ ಮುದುಕ, ಸ್ವಲ್ಪ ಕೊಬ್ಬು ಕಡಿಮೆ ಹಾಕಮ್ಮ ಎಂದ. ಅತ್ತಿಗೆ ತಕ್ಕಡಿಯ ತಟ್ಟೆ ಕಿತ್ತು ಅವನ ತಲೆಗೆ ಹೊಡೆದಳು. ತುಟಿ ಪಿಟಕ್ಕೆನ್ನಲಿಲ್ಲ. ಮುದುಕ ಚರಂಡಿಗೆ ಬಿದ್ದ. ಇವಳು ಏನೂ ಆಗದವಳಂತೆ ಮೂಳೆ ಕಡಿಯುತ್ತಾ ನಿಂತಳು.

"ಸುತ್ತಿಗೆಗೆ ಪಿತ್ತ ನೆತ್ತಿಗೇರಿದೆ" ಎಂದು ಜನ ನಕ್ಕರು. ನಾನು ಮಾತ್ರ ಇದು ಅವಳ ಹೊಡೆತವಲ್ಲ ಎಂದು ಬಡಕೊಂಡೆ. ಯಾರು ಕೇಳುತ್ತಾರೆ? ಬೀದಿಯ ಡಾಕ್ಟರು ನಿದ್ದೆ ಮಾತ್ರೆ ಬರೆದುಕೊಟ್ಟು, ಇವಳ ಸ್ವಭಾವಕ್ಕೆ ನನ್ನ ಹತ್ತಿರ ಔಷಧಿ ಇಲ್ಲ ಎಂದು ತಮಾಷೆ ಮಾಡಿದ. ಅವನ ಬಾಯಿಗಿಷ್ಟು ಮಣ್ಣು ಹಾಕ.

ಆ ವಾರವೇ ಆಯಿತು. ಮಗಳು ಡಬ್ಬಿ ಹಿಡಿದು ಬಂದು "ಅಮ್ಮಾ" ಎಂದು ಹಿಂದಿನಿಂದ ಭುಜ ಮುಟ್ಟಿದಳು. ಅತ್ತಿಗೆ ತಿರುಗಿದಳು. ಒಂದು ಮಾತಿಲ್ಲ, ಮುಖದಲ್ಲಿ ಸಿಟ್ಟೂ ಇಲ್ಲ. ಮಚ್ಚು ಬೀಸಿದಳು. ಕಿವಿಯ ಕೆಳಗಿನಿಂದ ಗದ್ದದವರೆಗೆ ಕೆನ್ನೆ ಬಿಚ್ಚಿಕೊಂಡು ಒಳಗಿನ ಹಲ್ಲು ಕಂಡಿತು. ಮಗಳು ಕೂಗಲೂ ಇಲ್ಲ, ಕೆನ್ನೆ ಒತ್ತಿ ಹಿಡಿದು ಅಮ್ಮನನ್ನೇ ನೋಡುತ್ತಾ ಕುಸಿದಳು. ಅತ್ತಿಗೆ ಎರಡನೆಯ ಏಟಿಗೆ ಕೈ ಎತ್ತಿದಳು. ನಾನು ತಕ್ಕಡಿ ಎತ್ತಿ ಅವಳ ತೋಳಿಗೆ ಎಸೆದೆ. ಕೋಳಿಯವನು ಕಟ್ಟೆ ಹಾರಿ ಬಂದು ಅವಳ ಸೊಂಟ ತಬ್ಬಿ ಕೆಡವಿದ. ಅವಳು ಅವನ ಮುಂಗೈ ಕಚ್ಚಿ ಮಾಂಸ ಕಿತ್ತಳು. ಅವನು ಬಿಡಲಿಲ್ಲ. ಹಿಡಿದುಕೊಂಡಿದ್ದ ಹಾಗೇ ಅವಳ ಮೈಯೆಲ್ಲ ಸೆಟೆದು ಫಿಟ್ಸ್ ಬಂತು.

ಆಸ್ಪತ್ರೆಯಲ್ಲಿ ಅವಳ ಕೈಕಾಲು ಮಂಚಕ್ಕೆ ಕಟ್ಟಿದರು. ಪೊಲೀಸರು ಬಂದರು. ಹೊಲಿಗೆ ಹಾಕಿಸಿಕೊಂಡಿದ್ದ ಮಗಳು ದೂರು ಇಲ್ಲವೆಂದು ತಲೆ ಅಲ್ಲಾಡಿಸಿದಳು. ಹುಚ್ಚು ಎಂದು ಬರೆದು ಹುಚ್ಚಾಸ್ಪತ್ರೆಗೆ ಸಾಗಹಾಕುವುದರಲ್ಲಿದ್ದರು. ಅಷ್ಟರಲ್ಲಿ ನರಗಳ ಡಾಕ್ಟ್ರಮ್ಮ ಬಂದಳು. ಸಣ್ಣ ವಯಸ್ಸು, ನಿಧಾನದ ಮಾತು.

"ಇವರು ಮೊದಲಿಂದ ಹೀಗೇನಾ?" ಎಂದು ಕೇಳಿದಳು.

"ಹೊಡೆಯೋದೇನೋ ಮೊದಲಿಂದ ಇದೆ ಡಾಕ್ಟ್ರಮ್ಮ. ಆದ್ರೆ ಬೈದು ಹೊಡೆಯೋಳು. ಈಗ ಬಾಯೇ ಬಿಡಲ್ಲ" ಎಂದೆ. ನಗುತ್ತಾಳೇನೋ ಅಂದುಕೊಂಡಿದ್ದೆ. ನಗಲಿಲ್ಲ. ಸುಟ್ಟ ವಾಸನೆ, ಮರೆವು, ಬಾಯಿ ಅದುರಿದ್ದು, ಎಲ್ಲವನ್ನೂ ಕೆದಕಿ ಕೆದಕಿ ಕೇಳಿದಳು. ಬೆನ್ನುಮೂಳೆಯಿಂದ ನೀರು ತೆಗೆದರು, ತಲೆ ಎದೆ ಎಲ್ಲ ಸ್ಕ್ಯಾನ್ ಮಾಡಿದರು.

ಶ್ವಾಸಕೋಶದಲ್ಲಿ ಕ್ಯಾನ್ಸರ್ ಗಡ್ಡೆ ಇತ್ತು. ಚಿಕ್ಕದು.

"ತಲೆಗೆ ಹರಡಿದೆಯಾ?" ಎಂದೆ.

"ಇಲ್ಲ, ಎಲ್ಲಿಗೂ ಹರಡಿಲ್ಲ. ಅದೇ ಇಲ್ಲಿನ ವಿಚಿತ್ರ" ಎಂದಳು ಡಾಕ್ಟ್ರಮ್ಮ. "ರೋಗದ ವಿರುದ್ಧ ಹೊಡೆದಾಡೋ ಶಕ್ತಿ ಮೈಯಲ್ಲೇ ಇರುತ್ತಲ್ಲ, ಅದು ಈ ಗಡ್ಡೆಯನ್ನ ಗುರುತು ಹಿಡಿದು ಬಡೀತಿದೆ. ಆದ್ರೆ ಗಡ್ಡೆ ಮೇಲಿರೋ ಗುರುತೇ ಮಿದುಳಿನಲ್ಲೂ ಇದೆ. ಹಾಗಾಗಿ ಅಲ್ಲೂ ಹೋಗಿ ಬಡೀತಿದೆ. ನೆನಪು, ಸಿಟ್ಟು ಇರೋ ಜಾಗಕ್ಕೇ ಏಟು ಬಿದ್ದಿದೆ. ಆ ಬಡಿತದಿಂದಲೇ ಗಡ್ಡೆ ಇನ್ನೂ ಹೊರಗೆ ಹೋಗಿಲ್ಲವೇನೋ ಅಂತ ನಮಗೆ ಅನುಮಾನ."

ಅಂದರೆ ಮೈಯೊಳಗೂ ಅವಳೇ! ಕಳ್ಳನನ್ನು ಹೊಡೆಯಲು ಹೋಗಿ ಮನೆಯನ್ನೇ ಒಡೆದುಹಾಕುವವಳು. ನಗು ಬಂತು, ಹಿಂದೆಯೇ ಅಳು ನುಗ್ಗಿತು. ವರಾಂಡದಲ್ಲಿ ನಿಂತು, ಮುಂಗೈಗೆ ಕಟ್ಟು ಹಾಕಿಸಿಕೊಂಡು ಬಂದಿದ್ದ ಕೋಳಿಯವನ ಎದುರಿಗೇ ಅತ್ತುಬಿಟ್ಟೆ.

ಸ್ಟೀರಾಯ್ಡ್ ಕೊಟ್ಟು ಒಳಗಿನ ಬಡಿತ ತಗ್ಗಿಸಿದರು, ಜೊತೆಗೇ ಕ್ಯಾನ್ಸರ್ ಔಷಧಿ ಹಾಕಿದರು. ಕೂದಲು ಹೋಯಿತು, ವಾಂತಿಯಾಯಿತು. ಆದರೆ ಬುದ್ಧಿ ಬಂತು. ನರ್ಸಿಗೆ "ಸೂಜಿ ಚುಚ್ತೀಯೋ ಗುದ್ದಲಿ ಹಾಕ್ತೀಯೋ ದರಿದ್ರದವಳೇ" ಎಂದು ಬೈದ ದಿನ ನಾನು ಆ ನರ್ಸಿನ ಕೈ ಹಿಡಿದು ಕುಣಿದೆ. ಕಟ್ಟು ಬಿಚ್ಚಿದರು. ಅಂಗಡಿಯಲ್ಲಿ ನಡೆದದ್ದು ಮಾತ್ರ ಅವಳಿಗೆ ಒಂದು ಚೂರೂ ನೆನಪಿರಲಿಲ್ಲ. ಹೇಳಬೇಡಿ ಎಂದು ಮಗಳು ನಮ್ಮೆಲ್ಲರ ಹತ್ತಿರ ಮಾತು ತೆಗೆದುಕೊಂಡಿದ್ದಳು. ತಾನು ಮಾತ್ರ ಆಸ್ಪತ್ರೆ ಕಡೆ ಬರುತ್ತಿರಲಿಲ್ಲ. ಕೆಲಸ, ರಜೆ ಇಲ್ಲ ಅನ್ನುತ್ತಿದ್ದಳು. ಕೊನೆಗೆ ನಾನೇ ರೇಗಿ ಎಳೆದುಕೊಂಡು ಬಂದೆ.

ಬಾಗಿಲಲ್ಲಿ ನಿಂತ ಮಗಳ ಮುಖ ನೋಡಿ ಅತ್ತಿಗೆ ಎದ್ದು ಕೂತಳು.

"ಯಾರೇ ಇದು ಮಾಡಿದ್ದು?"

"ಬಸ್ಸಿನ ಗಾಜು ತಾಗಿತಮ್ಮ" ಎಂದಳು ಮಗಳು.

"ಗಾಜಂತೆ ಗಾಜು! ಜೀವನವಿಡೀ ಮಚ್ಚು ಹಿಡಿದೋಳ ಕಿವಿಗೆ ಹೂವು ಇಡ್ತೀಯಾ? ಅವನ ಹೆಸರು ಹೇಳು. ಆ ಕೈ ಕಡಿದು ಕೊಕ್ಕೆಗೆ ಹಾಕ್ತೀನಿ. ಹೇಳೇ!"

ಕೋಳಿಯವನು ಹಣ್ಣಿನ ಚೀಲ ಹಿಡಿದು ಮಗಳ ಹಿಂದೆಯೇ ಬಂದಿದ್ದ. ಅವನು ತಲೆ ತಗ್ಗಿಸಿದ. ಅಷ್ಟೇ ಸಾಕಾಯಿತು. ಮುಂಗೈಯಲ್ಲಿ ಹಲ್ಲಿನ ಗಾಯ, ಕಣ್ಣು ನೆಲದ ಮೇಲೆ. "ನೀನಾ? ನನ್ನ ಮಗಳು ಕಚ್ಚಿದಾಳಾ ನಿನ್ನ? ಹಳೇ ಹಗೆ ಮಗು ಮೇಲೆ ತೀರಿಸ್ಕೊಂಡ್ಯೇನೋ ಹೇಡಿ ನನ್ಮಗನೇ!" ಎಂದು ಸ್ಟೀಲಿನ ಜಗ್ಗು ಎತ್ತಿ ಎಸೆದಳು. ಹುಬ್ಬು ಒಡೆಯಿತು. ಡ್ರಿಪ್ಪಿನ ಸೂಜಿ ಕಿತ್ತು ಎದ್ದು ಬಂದು ಅವನ ಕುತ್ತಿಗೆ ಹಿಡಿದಳು. ಅವಳ ತೋಳಿನ ರಕ್ತ, ಅವನ ಹುಬ್ಬಿನ ರಕ್ತ, ಎಲ್ಲ ಅವನ ಎದೆಯ ಮೇಲೆ. ಆ ಪುಣ್ಯಾತ್ಮ ಕೈ ಎತ್ತಲಿಲ್ಲ. "ಇರ್ಲಿ ಬಿಡಿ ಅಕ್ಕ, ನಾನೇ ಅಂದ್ಕೊಳ್ಳಿ" ಎಂದ ಉಸಿರು ಕಟ್ಟಿದ ದನಿಯಲ್ಲಿ.

ನನಗೆ ತಡೆಯಲಾಗಲಿಲ್ಲ. "ನೀನೇ ಕಣೇ ಅತ್ತಿಗೆ! ನಿನ್ನ ಕೈಯೇ! ಇವನು ತಡೀದಿದ್ರೆ ಮಗಳು ಇವತ್ತು ಇರ್ತಿರ್ಲಿಲ್ಲ. ಅವನ ಕೈ ಕಚ್ಚಿದ್ದೂ ನೀನೇ!" ಎಂದು ಕಿರುಚಿದೆ.

ಅವಳು ಮಗಳ ಕಡೆ ನೋಡಿದಳು. ಮಗಳು ಇಲ್ಲ ಅನ್ನಲಿಲ್ಲ. ಅತ್ತಿಗೆ ಕೋಳಿಯವನ ಕುತ್ತಿಗೆ ಬಿಟ್ಟಳು. ಬಲಗೈಯನ್ನು ಮಂಚದ ಕಬ್ಬಿಣದ ಪಟ್ಟಿಗೆ ಬಡಿದಳು. ಮತ್ತೆ ಬಡಿದಳು. ಬೆರಳು ಮುರಿದ ಸದ್ದು ನನಗೆ ಕೇಳಿಸಿತು, ಮೂಳೆ ಮುರಿಯುವ ಸದ್ದು ನನಗೆ ಹೊಸದಲ್ಲ. ನರ್ಸುಗಳು ಮೈಮೇಲೆ ಬಿದ್ದು ಹಿಡಿಯುವವರೆಗೂ ಬಡಿಯುತ್ತಲೇ ಇದ್ದಳು.

ಬೆರಳುಗಳು ಸೊಟ್ಟಗೇ ಕೂಡಿಕೊಂಡವು. ಗಡ್ಡೆ ಕುಗ್ಗಿತು, ಆದರೆ ಪೂರ್ತಿ ಹೋಗಲಿಲ್ಲ. ಮರೆವು, ಸುಟ್ಟ ವಾಸನೆ ಮತ್ತೆ ಶುರುವಾದವು. ಡಾಕ್ಟ್ರಮ್ಮ ಕುರ್ಚಿ ಎಳೆದುಕೊಂಡು ಮಂಚದ ಪಕ್ಕ ಕೂತಳು.

"ಇನ್ನೂ ಜೋರಾದ ಔಷಧಿ ಇದೆ. ಒಳಗಿನ ಬಡಿತವನ್ನ ಚೆನ್ನಾಗಿ ಅಡಗಿಸುತ್ತೆ, ಬುದ್ಧಿ ಉಳಿಯಬಹುದು. ಆದ್ರೆ ಗಡ್ಡೆಯನ್ನ ಹಿಡಿದಿಟ್ಟಿರೋದೂ ಅದೇ ಬಡಿತ ಆಗಿದ್ರೆ, ಅದು ಬಿಡಿಸಿಕೊಂಡು ಹರಡಬಹುದು. ಹೀಗೇ ಆಗುತ್ತೆ ಅಂತ ಯಾರೂ ಹೇಳೋಕಾಗಲ್ಲ. ಕ್ಯಾನ್ಸರ್ ಔಷಧಿಯನ್ನಂತೂ ನಾವು ಬಿಡಲ್ಲ."

"ಔಷಧಿ ಹಾಕದಿದ್ರೆ ಮತ್ತೆ ಮಚ್ಚು ಎತ್ತೀನಾ?"

"ಎತ್ತಬಹುದು. ಆಗ ನಿಮಗೆ ಯಾರ ಗುರುತೂ ಇರಲ್ಲ."

"ಹಾಗಾದ್ರೆ ಹಾಕಮ್ಮ. ಹರಡಿದ್ರೆ ನಾನೊಬ್ಬಳು ಸಾಯ್ತೀನಿ. ತಲೆ ಕೆಟ್ರೆ ಅವಳನ್ನ ಸಾಯಿಸ್ತೀನಿ. ಇದರಲ್ಲಿ ಕೇಳೋಕೇನಿದೆ?"

ನಾನು ಬೇಡವೆಂದು ಜಗಳ ತೆಗೆದೆ. ಕಟ್ಟಿಹಾಕಿಯಾದರೂ ನೋಡಿಕೊಳ್ಳುತ್ತೇನೆ, ಬದುಕಿರು ಸಾಕು ಎಂದೆ. "ತಕ್ಕಡಿ ಹಿಡಿಯೋಳು ತಕ್ಕಡಿ ಹಿಡಿ" ಎಂದು ನನ್ನ ಬಾಯಿ ಮುಚ್ಚಿಸಿದಳು.

ಔಷಧಿ ಹಾಕಿದ ಮೇಲೆ ತಲೆ ಸ್ಥಿಮಿತಕ್ಕೆ ಬಂತು. ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತು ಎಲ್ಲರಿಗೂ ಬೈಯುವಷ್ಟಾದಳು. ಮಚ್ಚು ನಾನು ಹಿಡಿದೆ. ನಾನು ಕಡಿದ ಪ್ರತಿ ತುಂಡಿಗೂ ಒಂದು ಕೊಂಕು. ಆಮೇಲೆ ಪಕ್ಕೆಲುಬು ನೋವು ಅಂದಳು, ಕಣ್ಣು ಹಳದಿಯಾಯಿತು. ಮೂಳೆಗೂ ಲಿವರಿಗೂ ಹರಡಿತ್ತು. "ಆ ಔಷಧಿಯಿಂದಲೇನಾ?" ಎಂದು ಡಾಕ್ಟ್ರಮ್ಮನ ಮೇಲೆ ಹರಿಹಾಯ್ದೆ. "ಗೊತ್ತಿಲ್ಲ. ಈ ಥರದ ಗಡ್ಡೆ ಆ ಔಷಧಿ ಕೊಡದಿದ್ರೂ ಹರಡೋದು ಹೆಚ್ಚು" ಎಂದಳು. ಗೊತ್ತಿಲ್ಲ ಅನ್ನುವವಳ ಕೊರಳಪಟ್ಟಿ ಹೇಗೆ ಹಿಡಿಯುವುದು? ಸುಮ್ಮನೆ ಮನೆಗೆ ಕರೆದುಕೊಂಡು ಬಂದೆ.

ಮನೆಯಲ್ಲಿ ಅವಳನ್ನು ಕಿಟಕಿ ಪಕ್ಕದ ಮಂಚದಲ್ಲಿ ಮಲಗಿಸಿದೆವು. ಮಗಳು ರಜೆ ಹಾಕಿ ಬಂದಳು. ಅನ್ನ ಬೇಯಿಸಿದಳು, ಬಟ್ಟೆ ಒಗೆದಳು. ಆದರೆ ಅಮ್ಮನಿಗೆ ಊಟ ಮಾಡಿಸುವುದು, ಮೈ ಒರೆಸುವುದು ನನ್ನ ಪಾಲಿಗೇ. ಮಗಳ ಕುರ್ಚಿ ಬಾಗಿಲ ಹತ್ತಿರ. ಅತ್ತಿಗೆ ಕೈ ಚಾಚಿದರೂ ಎಟುಕದಷ್ಟು ದೂರ. ಹೆದರಿಕೆಯನ್ನು ಯಾವ ಡಾಕ್ಟ್ರಮ್ಮ ಅಡಗಿಸುತ್ತಾಳೆ? ನನಗೆ ಸಿಟ್ಟು, ಯಾರ ಮೇಲೆ ಅಂತ ಗೊತ್ತಿರಲಿಲ್ಲ. ಪ್ರಾಣ ಒತ್ತೆಯಿಟ್ಟು ಬುದ್ಧಿ ಉಳಿಸಿಕೊಂಡವಳು ಮಲಗಿದಲ್ಲಿಂದ ಆ ಕುರ್ಚಿಯನ್ನೇ ನೋಡುತ್ತಿದ್ದಳು.

ಒಂದು ಮಧ್ಯಾಹ್ನ ನಾನು ಗಂಜಿ ಕುಡಿಸುತ್ತಿದ್ದೆ. ಅತ್ತಿಗೆ ಚಮಚ ಸರಿಸಿ, "ಲೇ, ಬಾ ಇಲ್ಲಿ" ಎಂದು ಮಗಳನ್ನು ಕರೆದಳು. ಮಗಳು ಎದ್ದಳು, ಅರ್ಧ ದಾರಿಯಲ್ಲಿ ನಿಂತಳು.

"ಇನ್ನೂ ಹತ್ತಿರ. ಹ್ಞಾಂ. ಈಗ ಹೊಡಿ."

"ಏನಮ್ಮ ಇದು?"

"ಸಿಟ್ಟೆಲ್ಲ ಹೊಟ್ಟೆಯಲ್ಲಿ ಇಟ್ಕೊಂಡು ನಾನು ಸತ್ತ ಮೇಲೆ ಏನ್ ಮಾಡ್ತೀಯಾ? ಹೊಡಿಯೇ!"

ಬೇಡ ಕಣೇ ಎಂದು ನಾನು ಅನ್ನುವಷ್ಟರಲ್ಲಿ ಬಿತ್ತು ಏಟು. ಸುಮ್ಮನೆ ಮುಟ್ಟಿದ್ದಲ್ಲ. ಅತ್ತಿಗೆಯ ತಲೆ ದಿಂಬಿನ ಆ ಕಡೆಗೆ ಹೊರಳಿತು, ತುಟಿ ಒಡೆದು ರಕ್ತ ಬಂತು. ನನ್ನ ಕೈಯಿಂದ ಗಂಜಿ ಬಟ್ಟಲು ಜಾರಿತು. ಮಗಳು ತನ್ನ ಅಂಗೈ ನೋಡಿಕೊಂಡು ಗಳಗಳ ಅಳತೊಡಗಿದಳು. "ಯಾಕಮ್ಮ ನನಗೇ ಹೊಡೆದೆ, ನನಗೇ ಯಾಕೆ" ಎಂದು ಬಿಕ್ಕುತ್ತಿದ್ದಳು.

ಅತ್ತಿಗೆ ತುಟಿಯ ರಕ್ತ ಒರೆಸಿಕೊಳ್ಳಲಿಲ್ಲ. ಬಲಗೈ ಮೇಲೆತ್ತಿದಳು, ಸೊಟ್ಟ ಬೆರಳು ನೇರ ಮಗಳ ಕೆನ್ನೆಯ ಮೇಲಿನ ಗಾಯದ ಗುರುತಿನ ಕಡೆಗೆ. ಮಗಳು ಕಣ್ಣು ಬಿಗಿಯಾಗಿ ಮುಚ್ಚಿಕೊಂಡಳು. ಆದರೆ ನಿಂತಲ್ಲಿಂದ ಸರಿಯಲಿಲ್ಲ.