ಬೇಲಿಗೆ ಬಂದ ವಾರಸುದಾರರು

ನಮ್ಮ ಹುಲ್ಲುಗಾವಲಿನಲ್ಲಿ ಆಕಾಶದಿಂದ ಬಿದ್ದದ್ದು ಮೊದಲು ಕೊಯ್ದವರಿಗೆ. ರಾಕೆಟ್ಟು ಮೇಲೆ ಹೋಗುತ್ತದೆ, ಅದರ ಖಾಲಿ ಟ್ಯಾಂಕು ನಮ್ಮ ಕಡೆ ಬೀಳುತ್ತದೆ, ನಾವು ಗರಗಸ ಹಿಡಿದು ಓಡುತ್ತೇವೆ. ನನ್ನ ಕೋಳಿಗೂಡಿನ ಸೂರೂ ಅಂಥದ್ದೇ. ಅದಕ್ಕೆ ನನಗೇನೂ ನಾಚಿಕೆಯಿಲ್ಲ.

ಆ ವಸಂತದಲ್ಲಿ ಟ್ಯಾಂಕು ಬಿದ್ದದ್ದು ನನಗೂ ನೆರೆಮನೆಯ ಕುಲ್ಪಾಶಳಿಗೂ ಇದ್ದ ಒಂದೇ ಬಾವಿಯ ಪಕ್ಕದಲ್ಲಿ. ಅವಳ ಗಂಡ ಸೆರಿಕ್ಕಾಲಿ ಒಳ್ಳೆಯ ತಗಡನ್ನೆಲ್ಲ ಕೊಯ್ದಿಟ್ಟುಕೊಂಡ. ಬೇಸಿಗೆಯಲ್ಲಿ ಅವರ ಮಗಳು ಝಿಬೆಕ್ ಮೈಯೆಲ್ಲ ಹಳದಿಯಾಗಿ ಸತ್ತಳು. ತುಕ್ಕು ಹಿಡಿಯದ ತಗಡೆಂದು ಅವನು ಅದರಿಂದಲೇ ಸಮಾಧಿಗೆ ಬೇಲಿ ಕಟ್ಟಿದ. ಕುದುರೆಗಳೂ ಒಂದೊಂದಾಗಿ ಸಾಯತೊಡಗಿದ ಮೇಲೆಯೇ ಟ್ಯಾಂಕಿನ ತಳದಲ್ಲಿ ಉಳಿದಿದ್ದ ಇಂಧನ ಬಾವಿಗೆ ಇಳಿದಿರಬಹುದೆಂದು ನಮ್ಮ ದಡ್ಡ ತಲೆಗೆ ಅನುಮಾನ ಬಂದದ್ದು.

ಅಲ್ಲಿಂದ ಕುಲ್ಪಾಶಳಿಗೆ ಒಂದೇ ಹಟ. ಯಾರಾದರೂ ಇದು ನಮ್ಮದು ಎನ್ನಬೇಕು, ಬಂದು ಬಾವಿ ಶುದ್ಧ ಮಾಡಿಕೊಡಬೇಕು. ತೊಟ್ಟಿಲಲ್ಲಿ ಇನ್ನೊಂದು ಕೂಸಿತ್ತು. ಹೋದಲ್ಲೆಲ್ಲ ಕೈ ಚೆಲ್ಲಿದರು. ಜಿಲ್ಲಾ ಕಚೇರಿಯ ಬೈಬಿಟ್ ಮಾತ್ರ ಬಿಡಿಸಿ ಹೇಳಿದ. ಮೇಲೆ ಹಾರಿಸಿದ್ದನ್ನು ಆಯಾ ದೇಶ ತನ್ನ ಹೆಸರಿಗೆ ವಿಶ್ವಸಂಸ್ಥೆಯಲ್ಲಿ ನೋಂದಾಯಿಸುತ್ತದಂತೆ. ಬಿದ್ದ ತುಂಡಿನ ಮೇಲಿನ ಸಂಖ್ಯೆ ಸಿಕ್ಕರೆ ಯಾರದ್ದೆಂದು ವಿಚಾರಿಸಬಹುದಂತೆ.

ಸಂಖ್ಯೆ ಇದ್ದದ್ದು ಬೇಲಿಯ ಒಳಮೈಯಲ್ಲಿ. ಸಮಾಧಿಗೆ ಕೊಟ್ಟದ್ದನ್ನು ಮುಟ್ಟಬಾರದೆಂದು ಸೆರಿಕ್ಕಾಲಿ ಅಡ್ಡ ನಿಂತ. ಕುಲ್ಪಾಶ್ ಅವನನ್ನು ತಳ್ಳಿ ಒಳಹೋಗಿ, ಮಂಡಿಯೂರಿ, ಬೈಬಿಟ್‌ಗೆ ಒಂದೊಂದೇ ಅಂಕಿ ಓದಿ ಹೇಳಿದಳು.

ಚಳಿಗಾಲವೆಲ್ಲ ಹಿಮ ಕರಗಿಸಿ ಕೂಸಿಗೆ ಕುಡಿಸಿದಳು. ಹಿಮ ಮುಗಿಯುತ್ತ ಬಂದಂತೆ ಅವಳ ಮುಖ ನೋಡಲು ನನಗೆ ಭಯವಾಗುತ್ತಿತ್ತು. ದೂರದಿಂದ ನೀರು ಹೇರಿ ತರೋಣವೆಂದರೆ ಕುದುರೆ ಉಳಿದಿರಲಿಲ್ಲ.

ಹಿಮವೆಲ್ಲ ಮುಗಿದ ಮೇಲೆ ಕೊನೆಗೂ ಲಾರಿ ಬಂತು. ಅದರ ಜೊತೆ ಬಂದ ಬೈಬಿಟ್ ಕುಲ್ಪಾಶಳೆದುರು ತಲೆ ಎತ್ತಲಿಲ್ಲ.

"ಒಪ್ಕೊಂಡಿದಾರೆ ಅಕ್ಕಾ, ಅವರದ್ದೇ ಅಂತೆ. ಎಲ್ಲಿ ಬಿದ್ರೂ ಅವರ ಸೊತ್ತು ಅವರದ್ದೇ, ಕಾನೂನು ಹಂಗಿದೆ. ತುಂಡುಗಳನ್ನ ವಾಪಸ್ ಕೇಳ್ತಿದಾರೆ."

"ಮತ್ತೆ ಬಾವಿ?"

"ಅದರಿಂದಲೇ ಕೆಟ್ಟಿದ್ದು ಅನ್ನೋಕೆ ಪುರಾವೆ ಬೇಕಂತೆ."

ಆಳುಗಳು ಬೇಲಿ ಕೀಳತೊಡಗಿದರು. ನಾನು ಬಾಯಿಗೆ ಬಂದಂತೆ ಬೈದೆ, ಪಾಪ, ಅವರು ತಾನೇ ಏನು ಮಾಡಿಯಾರು. ಕುಲ್ಪಾಶ್ ಬಾವಿಯಿಂದ ಬಕೆಟ್ ತುಂಬಿ ತಂದು ಲಾರಿಯಲ್ಲಿ ತಗಡುಗಳ ಪಕ್ಕ ಇಟ್ಟಳು.

"ಇದೂ ಅವರದ್ದೇ ತಮ್ಮಾ. ತಗೊಂಡ್ಹೋಗಿ ಕೊಡು."

ಚಾಲಕ ಬಕೆಟ್ಟನ್ನು ಮೆಲ್ಲಗೆ ಕೆಳಗಿಳಿಸಿ ಲಾರಿ ಹೊರಡಿಸಿದ. ಮನೆಯೊಳಗೆ ಕೂಸು ಬಾಯಾರಿ ಅಳುತ್ತಿತ್ತು. ಕುಲ್ಪಾಶ್ ಆ ಬಕೆಟ್ಟನ್ನೇ ಒಳಗೆ ಒಯ್ದು ನೀರು ಕಾಯಲಿಟ್ಟಳು.