ಗೈಡ್ ಮಾವನ ಎಂಟು ಭಾಷೆ

ಹೋದ ಭಾನುವಾರ ಜಾವಗಲ್ಲಿನಲ್ಲಿ ಚಿಕ್ಕಮ್ಮನ ಮನೆಯಲ್ಲಿ ನಾಮಕರಣ. ಊಟಕ್ಕೆ ಮೊದಲು ಕೈ ತೊಳೆಯೋಣ ಅಂತ ಬಚ್ಚಲಿಗೆ ಹೋದೆ. ಗೂಡಿನಲ್ಲಿ ಒದ್ದೆ ಬೇವಿನ ಸೋಪು ಇತ್ತು. ಅದರ ವಾಸನೆ ಮೂಗಿಗೆ ಬಡಿದದ್ದೇ ಬರೀ ನೀರಲ್ಲಿ ಕೈ ಅದ್ದಿ ಹೊರಗೆ ಬಂದುಬಿಟ್ಟೆ. ಎಲೆ ಮುಂದೆ ಕೂತರೂ ಅನ್ನ ಇಳಿಯಲಿಲ್ಲ. "ಯಾಕೇ, ಹುಷಾರಿಲ್ವಾ? ಹೋಳಿಗೆನಾದ್ರೂ ತಿನ್ನೇ" ಅಂತ ಚಿಕ್ಕಮ್ಮ ಒತ್ತಾಯ ಮಾಡಿದಳು. ಏನಂತ ಹೇಳಲಿ? ಬೇವಿನ ಸೋಪು ನನಗೇನು ಮಾಡಿದೆ ಪಾಪ. ಅದನ್ನು ದಿನಾ ಬೆಳಿಗ್ಗೆ ಮೈಗೆ ತಿಕ್ಕಿಕೊಳ್ಳುತ್ತಿದ್ದ ಒಬ್ಬ ಮನುಷ್ಯನನ್ನು ನೆನೆದರೆ ನನಗೆ ಇವತ್ತಿಗೂ ಅಸಹ್ಯ.

ಆ ಮನುಷ್ಯ ತೀರಿಕೊಂಡು ಇನ್ನೂ ತಿಂಗಳಾಗಿಲ್ಲ. 'ಅವರು' ಅಂತ ಬರೆಯಲು ಕೈ ಬರುತ್ತಿಲ್ಲ. ಆದರೂ ದೊಡ್ಡವರನ್ನು ಏಕವಚನದಲ್ಲಿ ಕರೆಯಬೇಡ ಅಂತ ಅಮ್ಮ ಕಲಿಸಿದ್ದು ಬಿಟ್ಟು ಹೋಗುವುದಿಲ್ಲ. 'ಅವರು' ಅಂತಲೇ ಬರೆಯುತ್ತೇನೆ.

ಹಳೇಬೀಡಿನಲ್ಲಿ ನಮ್ಮದೂ ಅವರದೂ ಒಂದೇ ಗೋಡೆಯ ಮನೆ. ಊರಿಗೆಲ್ಲ ಅವರು ಗೈಡು, ನನಗೆ ಗೈಡ್ ಮಾವ. ದೇವಸ್ಥಾನ ನೋಡಲು ಬರುವ ಫಾರಿನ್ನಿನವರನ್ನು ಸುತ್ತಾಡಿಸಿ ಶಿಲ್ಪಗಳ ವಿವರ ಹೇಳುವುದು ಅವರ ಕೆಲಸ. ಗೇಟಿನ ಮೇಲೆ ಒಂದು ತಗಡಿನ ಬೋರ್ಡು ಇತ್ತು. ಇಂಗ್ಲಿಷ್, ಫ್ರೆಂಚ್, ಜರ್ಮನ್, ಇಟಾಲಿಯನ್, ಸ್ಪ್ಯಾನಿಷ್, ರಷ್ಯನ್, ಜಪಾನಿ, ಅರಬ್ಬಿ ಅಂತ ಸಾಲಾಗಿ ಬರೆಸಿದ್ದರು. ಆಯುಧಪೂಜೆಯ ದಿನ ನಾವು ಆಟೋ ತೊಳೆದರೆ ಅವರು ಆ ಬೋರ್ಡು ತೊಳೆದು ಕುಂಕುಮ ಇಡುತ್ತಿದ್ದರು.

ಆ ಎಂಟರಲ್ಲಿ ಇಂಗ್ಲಿಷು ಹೇಗೋ ತೆವಳುತ್ತಿತ್ತು. ಮಿಕ್ಕ ಏಳರ ಬಂಡವಾಳ ಏನು ಅಂತ ಗೋಡೆಯ ಈಚೆ ಇದ್ದ ನಮಗೆ ಗೊತ್ತಿತ್ತು. ಒಂದೊಂದು ಭಾಷೆಗೆ ಒಂದೊಂದು ಪಾಠ, ಅಷ್ಟೇ. ಯಾವ ಯಾವ ಕಾಲದಲ್ಲೋ ಯಾರು ಯಾರೋ ಪ್ರವಾಸಿಗಳ ಬಾಯಲ್ಲಿ ಹೇಳಿಸಿ ಕ್ಯಾಸೆಟ್ಟಿಗೆ ತುಂಬಿಸಿಕೊಂಡದ್ದು. ಗುಡಿ ಕಟ್ಟಿಸಿದ್ದು ಯಾರು, ಕಲ್ಲು ಯಾವುದು, ಕೆಳಗಿನ ಸಾಲಿನಲ್ಲಿ ಆನೆ, ಅದರ ಮೇಲೆ ಸಿಂಹ... ಹಲ್ಲುಜ್ಜುವಾಗ ಜರ್ಮನ್, ತುಳಸಿಕಟ್ಟೆ ಸುತ್ತುವಾಗ ಇಟಾಲಿಯನ್, ಸ್ನಾನಕ್ಕೆ ಫ್ರೆಂಚು. ಬೇವಿನ ಸೋಪಿನ ವಾಸನೆಯೂ ಆ ಫ್ರೆಂಚೂ ಒಟ್ಟಿಗೇ ನಮ್ಮ ಅಡುಗೆಮನೆಗೆ ನುಗ್ಗುತ್ತಿದ್ದವು. ಮಧ್ಯದಲ್ಲಿ ಅವರ ಹೆಂಡತಿ, ನಾನು ಅತ್ತೆ ಅನ್ನುತ್ತಿದ್ದವರು, "ಬಿಸಿನೀರು ಸಾಕಾ?" ಅಂತ ಕೂಗಿದರೆ ಮುಗೀತು, ಎಳೆ ತಪ್ಪಿ ಪಾಠ ಮತ್ತೆ ಮೊದಲಿನಿಂದ ಶುರು. ಕೇಳಿ ಕೇಳಿ ನನಗೂ ಅದು ಬಾಯಿಗೆ ಬಂದಿತ್ತು, ಒಂದಕ್ಷರದ ಅರ್ಥ ಗೊತ್ತಿಲ್ಲದೆ.

ಬಾಯಿಪಾಠ ಮಾಡಿದ್ದು ತಪ್ಪು ಅಂತ ನಾನು ಹೇಳುತ್ತಿಲ್ಲ. ಹೊಟ್ಟೆಪಾಡು. ದೇವಸ್ಥಾನದ ಮುಂದೆ ಪೋಸ್ಟ್‌ಕಾರ್ಡು ಮಾರುವವರಿಗೂ ನಾಲ್ಕಾರು ಭಾಷೆಯಲ್ಲಿ ರೇಟು ಹೇಳಲು ಬರುತ್ತದೆ. ಅದರಾಚೆ ಏನಾದರೂ ಕೇಳಿದರೆ ನಕ್ಕು, ಬರಲ್ಲ ಅಂತ ತಲೆ ಆಡಿಸುತ್ತಾರೆ. ಗೈಡ್ ಮಾವನಿಗೆ ಈ 'ಬರಲ್ಲ' ಅನ್ನುವ ಮಾತೇ ಬರುತ್ತಿರಲಿಲ್ಲ. ಯಾರಾದರೂ ಪ್ರಶ್ನೆ ಕೇಳಿದರೆ ಕೇಳಿಸದವರ ಹಾಗೆ ಮುಂದಿನ ಕಂಬಕ್ಕೆ ಹೊರಟುಬಿಡುತ್ತಿದ್ದರು.

ನಮ್ಮಪ್ಪ ಆಟೋ ಓಡಿಸುತ್ತಿದ್ದರು. ಅಪ್ಪನಿಗೆ ಕನ್ನಡ ಬಿಟ್ಟು ಬೇರೆ ಭಾಷೆ ಇಲ್ಲ. ಫಾರಿನ್ನಿನವರು ಹತ್ತಿದರೂ ಕನ್ನಡವೇ. "ಬನ್ನಿ ಯಜಮಾನ್ರೇ, ಕುಂತ್ಕಳಿ, ತಲೆ ಜ್ವಾಪಾನ" ಅಂತ ಶುರು ಮಾಡಿ ಬೇಲೂರು ಮುಟ್ಟುವಷ್ಟರಲ್ಲಿ ರಾಗಿ ರೇಟು, ಮಗಳ ಓದು, ಹೆಂಡತಿಯ ಮಂಡಿನೋವು ಎಲ್ಲ ಹೇಳಿ ಮುಗಿಸುತ್ತಿದ್ದರು. ಅವರೂ ನಗುತ್ತಾ ತಮ್ಮ ಭಾಷೆಯಲ್ಲಿ ಏನೋ ಹೇಳುತ್ತಿದ್ದರು. ಇಳಿಯುವಾಗ ಎರಡೂ ಕಡೆಯವರಿಗೆ ಖುಷಿ. ಗೈಡ್ ಮಾವನಿಗೆ ಇದು ಕಣ್ಣಿಗೆ ಆಗುತ್ತಿರಲಿಲ್ಲ. "ಏನಯ್ಯಾ, ನೀನು ಕನ್ನಡದಲ್ಲಿ ಬಡ್ಕೊಂಡ್ರೆ ಅವರಿಗೇನು ತಿಳಿಯುತ್ತೆ? ದೇಶದ ಮಾನ ಕಳೀತೀಯ" ಅಂತ ಹೇಳಿ, ಬಾಯಲ್ಲಿದ್ದ ಎಲೆಅಡಿಕೆಯ ರಸವನ್ನು ಪಿಚಕ್ಕನೆ ನಮ್ಮ ಗೋಡೆಯ ಬುಡಕ್ಕೇ ಉಗಿಯುತ್ತಿದ್ದರು. "ನಿಮ್ಮಂಗೆ ನಂಗೆ ಬರಾಕಿಲ್ಲ ಬುಡಿ ಸ್ವಾಮಿ" ಅನ್ನುತ್ತಿದ್ದರು ಅಪ್ಪ. ಆ ಕೆಂಪು ಕಲೆಯನ್ನು ಅಮ್ಮ ತೊಳೆಯುತ್ತಿದ್ದಳು.

ನಾನು ಪಿಯುಸಿ ಮುಗಿಸಿದ್ದ ಬೇಸಿಗೆ ಅದು. ಆಗ ಅಂಗೈಯಲ್ಲಿ ಹಿಡಿದರೆ ಭಾಷೆ ತಿರುಗಿಸಿ ಕೊಡುವ ಫೋನುಗಳು ಇರಲಿಲ್ಲ. ಮಧ್ಯಾಹ್ನ ಅಪ್ಪನಿಗೆ ಬುತ್ತಿ ತಗೊಂಡು ಆಟೋ ಸ್ಟ್ಯಾಂಡಿಗೆ ಹೋಗಿದ್ದೆ. ಬೆಳಿಗ್ಗೆ ಅಪ್ಪ ಒಂದು ವಯಸ್ಸಾದ ಜೋಡಿಯನ್ನು ಬಸದಿಹಳ್ಳಿಯ ಜೈನ ಬಸದಿಗೆ ಕರೆದುಕೊಂಡು ಹೋಗಿ, ತೋರಿಸಿ, ದೊಡ್ಡ ದೇವಸ್ಥಾನದ ಬಾಗಿಲಲ್ಲಿ ಬಿಟ್ಟು ಬಂದಿದ್ದರಂತೆ. "ಮುದುಕಪ್ಪಂಗೆ ಆ ಬಸದಿ ಮೆಟ್ಲು ಬಿಟ್ಟು ಏಳಾಕೇ ಮನಸ್ಸಿರ್ಲಿಲ್ಲ ಕಣವ್ವ. ಒಸಿ ಮರೆವು ಅಂತ ಕಾಣ್ತದೆ" ಅನ್ನುತ್ತಾ ಅನ್ನ ಕಲೆಸುತ್ತಿದ್ದರು.

ಅಷ್ಟರಲ್ಲಿ ಆ ಹೆಂಗಸು ಒಬ್ಬರೇ ಓಡಿ ಬಂದರು. ಬಿಳಿ ಕೂದಲು ಬೆವರಿಗೆ ಹಣೆಗೆ ಅಂಟಿಕೊಂಡಿತ್ತು. ನೇರ ಬಂದು ಅಪ್ಪನ ಅಂಗಿಯ ತೋಳು ಹಿಡಿದು ಒಂದೇ ಸಮನೆ ಮಾತಾಡಿದರು. ಅಪ್ಪ ಎದ್ದು ನಿಂತು "ಏನಾಯ್ತು ತಾಯಿ? ಯಜಮಾನ್ರೆಲ್ಲಿ?" ಅಂದರು. ಇನ್ನೆರಡು ನಿಮಿಷ ಕೊಟ್ಟಿದ್ದರೆ ಅವರಿಬ್ಬರ ನಡುವೆಯೇ ಎಲ್ಲ ಇತ್ಯರ್ಥವಾಗುತ್ತಿತ್ತು. ಆದರೆ ಯಾರೋ ಒಬ್ಬರು ಫ್ರೆಂಚಿನವರು ಕಣ್ರೋ, ಗೈಡನ್ನ ಕರೀರಿ ಅಂತ ಕೂಗಿದರು.

ಬಂದರು. ಕರಿ ಕನ್ನಡಕ, ಕೊರಳಲ್ಲಿ ಬ್ಯಾಡ್ಜು. "ಬೋಂಜೂರ್ ಮದಾಮ್" ಅಂದರು. ಆಹಾ, ಆ ಹೆಂಗಸಿನ ಮುಖ ಆಗ ನೋಡಬೇಕಿತ್ತು! ಅಳು ನಗು ಎರಡೂ ಬಂದುಬಿಟ್ಟವು. ಅಪ್ಪನ ತೋಳು ಬಿಟ್ಟು ಇವರ ಎರಡೂ ಕೈ ಹಿಡಿದುಕೊಂಡರು. ತಮ್ಮ ಭಾಷೆ ಗೊತ್ತಿರುವವನು ಸಿಕ್ಕಿದ ಅಂತ ನಂಬಿದರು, ಪಾಪ.

ಆ ಹೆಂಗಸು ಆಟೋ ಕಡೆ ಕೈ ತೋರಿಸಿ, ಎದೆ ಮುಟ್ಟಿಕೊಂಡು ಹೇಳುತ್ತಲೇ ಹೋದರು. ಗೈಡ್ ಮಾವ "ವುಯ್, ವುಯ್" ಅಂತ ಗೋಣು ಹಾಕುತ್ತಿದ್ದರು. ಕೊನೆಗೆ ನಮ್ಮ ಕಡೆ ತಿರುಗಿ, "ಬ್ಯಾಗು ಹೋಗಿದೆಯಂತೆ. ಈ ಆಟೋದಲ್ಲೇ ಬಿಟ್ಟಿದ್ದಂತೆ" ಅಂದರು.

ಅಪ್ಪ ಬೆಪ್ಪಾದರು. "ಬ್ಯಾಗು ಆವಮ್ಮನ ಹೆಗಲ ಮ್ಯಾಲೇ ಐತಲ್ಲ ಸ್ವಾಮಿ?"

"ಅದು ಬೇರೆ ಕಣಯ್ಯ. ಇನ್ನೊಂದಿತ್ತಂತೆ."

"ಜೊತೇಲಿ ಮುದುಕಪ್ಪ ಇದ್ರು. ಅವರೆಲ್ಲಿ ಅಂತ ಒಸಿ ಕೇಳಿ."

ಗೈಡ್ ಮಾವ ಗಂಟಲು ಸರಿಮಾಡಿಕೊಂಡು ಆ ಹೆಂಗಸಿನ ಕಡೆ ತಿರುಗಿ ಮಾತಾಡಿದರು. ಅದು ಬಚ್ಚಲ ಪಾಠ! ಅದೇ ರಾಗ, ಅದೇ ಏರಿಳಿತ, ಅದೇ ಜಾಗದಲ್ಲಿ ಉಸಿರು. ಗಂಡನೆಲ್ಲಿ ಅಂತ ಕೇಳಬೇಕಾದ ಹೊತ್ತಿನಲ್ಲಿ ಈ ಪುಣ್ಯಾತ್ಮರು ಆನೆ ಸಾಲು, ಸಿಂಹದ ಸಾಲು ಒಪ್ಪಿಸುತ್ತಿದ್ದಾರೆ. ಆ ಹೆಂಗಸು ಬಾಯಿ ತೆರೆದುಕೊಂಡು ನಿಂತಿದ್ದರು. ಮುಖದಲ್ಲಿದ್ದ ನಗು ಹಾಗೇ ಇಳಿದು ಹೋಯಿತು. ಮತ್ತೆ ಮೆಲ್ಲಗೆ, ಎಳೆಮಗುವಿಗೆ ಹೇಳುವ ಹಾಗೆ ಬಿಡಿಸಿ ಬಿಡಿಸಿ ಹೇಳಿದರು. "ವುಯ್, ವುಯ್" ಅಂದ ಗೈಡ್ ಮಾವ ಅಪ್ಪನ ಕಡೆ ಬೆರಳು ಚಾಚಿದರು. "ಯಜಮಾನರು ಮರದ ಕೆಳಗೆ ಮಲಗಿದ್ದಾರಂತೆ. ನೀನು ಮಾತು ತಿರುಗಿಸಬೇಡ. ಬ್ಯಾಗು ತೆಗಿ."

"ಮಾವ, ಅದು ನೀವು ಸ್ನಾನ ಮಾಡ್ತಾ ಹೇಳ್ಕೊಳ್ಳೋ ಪಾಠ ಅಲ್ವಾ?" ಅಂತ ನಾನು ಕೂಗಿಯೇಬಿಟ್ಟೆ. "ಏಯ್, ಹೆಣ್ಣುಡುಗಿ ಸುಮ್ನಿರೇ. ಫ್ರೆಂಚು ನಿಂಗೊತ್ತಾ ನಂಗೊತ್ತಾ?" ಅಂದರು. ಸುತ್ತ ನಿಂತವರು ಹೋ ಅಂತ ನಕ್ಕರು. ನನಗೆ ಫ್ರೆಂಚು ಬರುತ್ತಿರಲಿಲ್ಲ, ನಿಜ.

ಕಳ್ಳ ಅನ್ನಿಸಿಕೊಂಡ ಡ್ರೈವರಿಗೆ ಆ ಸ್ಟ್ಯಾಂಡಿನಲ್ಲಿ ಜಾಗವಿಲ್ಲ. ಅದು ಎಲ್ಲರಿಗೂ ಗೊತ್ತು. ಅಪ್ಪ ಎಂಜಲು ಕೈಯಲ್ಲೇ ಖಾಕಿ ಅಂಗಿ ಬಿಚ್ಚಿ ಕೊಡವಿದರು. ಬನಿಯನ್ನಿನಲ್ಲಿ, ಅಷ್ಟು ಜನರ ಮುಂದೆ. ಗೈಡ್ ಮಾವ ತಾವೇ ಬಗ್ಗಿ ಆಟೋದ ಹಿಂದಿನ ಸೀಟು ಕಿತ್ತು ರಸ್ತೆಗೆ ಎಸೆದರು. ಅದರ ಅಡಿಯಲ್ಲಿ ಒಂದು ಸ್ಪ್ಯಾನರು, ಒಂದು ಮಸಿಬಟ್ಟೆ ಸಿಕ್ಕವು. ಇದನ್ನು ನೋಡಿ ಆ ಹೆಂಗಸು ಚೀರುತ್ತಾ ಬಂದು ಗೈಡ್ ಮಾವನನ್ನು ದೂಡಿ ಅಪ್ಪನ ಮುಂದೆ ಅಡ್ಡ ನಿಂತರು. ಅದಕ್ಕೂ ಒಂದು ಭಾಷಾಂತರ ರೆಡಿ ಇತ್ತು: "ನೋಡಿ, ನೋಡಿ, ಎಷ್ಟು ಸಿಟ್ಟು ಬಂದಿದೆ ಅವರಿಗೆ!" ಥೂ... ಇದನ್ನು ಬರೆಯುವಾಗಲೂ ಬಾಯಿ ಕಹಿಯಾಗುತ್ತದೆ.

ಬಿಸಿಲು ನೆತ್ತಿಯಿಂದ ಇಳಿಯುವವರೆಗೆ ಈ ನಾಟಕ ನಡೆಯಿತು. ಕಡೆಗೆ ಆ ಹೆಂಗಸೇ ಫ್ರೆಂಚು ಕೈಬಿಟ್ಟರು. ಬ್ಯಾಗಿನಿಂದ ಗಂಡನ ಪಾಸ್‌ಪೋರ್ಟು ತೆಗೆದು, ಫೋಟೋದ ಮೇಲೆ ಬೆರಳಿಟ್ಟು, ಅಪ್ಪನ ಕಣ್ಣಲ್ಲಿ ಕಣ್ಣಿಟ್ಟು, ಸುತ್ತ ನಾಲ್ಕೂ ದಿಕ್ಕು ತೋರಿಸಿ ಎರಡೂ ಕೈ ಖಾಲಿ ಚಾಚಿದರು. ಮುಗೀತು. ಕಡಲೆಕಾಯಿ ಮಾರುವ ಅಜ್ಜಿಗೂ ಅರ್ಥವಾಯಿತು. "ಅಯ್ಯೋ, ಗಂಡ ಕಳ್ದೋಗವ್ನೆ ಕಣ್ರೋ!" ಅಂದಳು.

ಅಪ್ಪ ಅಂಗಿ ಹೆಗಲ ಮೇಲೆ ಹಾಕಿಕೊಂಡು ಆ ಹೆಂಗಸನ್ನು ತಮ್ಮ ಪಕ್ಕದಲ್ಲೇ ಕೂರಿಸಿಕೊಂಡು ಆಟೋ ಎಬ್ಬಿಸಿದರು. ಸೀಟು ರಸ್ತೆಯಲ್ಲೇ ಬಿದ್ದಿತ್ತು. ನೇರ ಬಸದಿಹಳ್ಳಿ ಕಡೆಗೆ. ಬಸದಿ ಇನ್ನೂ ಒಂದಷ್ಟು ದೂರ ಇರುವಾಗಲೇ ಒಂದು ತೆಂಗಿನ ತೋಟದ ಬೇಲಿ ಪಕ್ಕ ಆ ಮುದುಕಪ್ಪ ಬಿದ್ದಿದ್ದರಂತೆ. ತಲೆಯಲ್ಲಿ ಬಟ್ಟೆ ಟೋಪಿ, ಒಂದು ಕಾಲಲ್ಲಿ ಶೂ ಇಲ್ಲ, ತುಟಿ ಬೂದಿ ಬಣ್ಣ. ಸೀಟಿಲ್ಲದ ಆಟೋದಲ್ಲಿ ಬರೀ ತಗಡಿನ ಮೇಲೆ, ಹೆಂಡತಿಯ ತೊಡೆಗೆ ತಲೆ ಕೊಟ್ಟು ಮಲಗಿಸಿಕೊಂಡು ಬಂದರು. ಉಸಿರಿತ್ತು. ಮಾತಿರಲಿಲ್ಲ.

ಹಾಸನಕ್ಕೆ ಕರೆದುಕೊಂಡು ಹೋಗಲು ಯಾರೋ ಕಾರು ತಂದರು. ಅಪ್ಪನೇ ಎತ್ತಿ ಮಲಗಿಸಿದರು. ಆ ಹೆಂಗಸು ಅಪ್ಪನ ಕೈ ಹಿಡಿದು ಬಿಡಲಿಲ್ಲ, ಜೊತೆಗೆ ಬಾ ಅಂತ ಎಳೆಯುತ್ತಿದ್ದರು. ಅಷ್ಟರಲ್ಲಿ ಗೈಡ್ ಮಾವ ಮುಂದಿನ ಸೀಟಿನಲ್ಲಿ ಕೂತಾಗಿತ್ತು. "ನೀನು ಬಂದು ಏನು ಮಾಡ್ತೀಯ? ಅಲ್ಲಿ ಭಾಷೆ ಬೇಕಾಗುತ್ತೆ" ಅಂತ ಬಾಗಿಲು ಹಾಕಿಕೊಂಡರು. ಅಪ್ಪ ಬನಿಯನ್ನಿನಲ್ಲೇ ರಸ್ತೆಯಲ್ಲಿ ನಿಂತಿದ್ದರು.

ಮಾರನೇ ದಿನ ಗೈಡ್ ಮಾವ ಬಂದರು, ತಲೆಯ ಮೇಲೆ ಆ ಮುದುಕಪ್ಪನ ಬಟ್ಟೆ ಟೋಪಿ! "ಬೇಡ ಅಂದ್ರೂ ಪ್ರೀತಿಯಿಂದ ಕೊಟ್ರು" ಅಂತ. ಹೇಗಿದ್ದಾರೆ ಅಂತ ಅಮ್ಮ ಕೇಳಿದರೆ "ಫಸ್ಟ್ ಕ್ಲಾಸ್" ಅಂದರು. ಅಪ್ಪನಿಗೆ ಒಂದು 'ತಪ್ಪಾಯ್ತು' ಇಲ್ಲ. ಅಮ್ಮ ತಡೆಯಲಾರದೆ, ಅಲ್ಲ ಸ್ವಾಮಿ, ಗಂಡ ಹೋದದ್ದನ್ನ ಬ್ಯಾಗು ಹೋಯ್ತು ಅಂದ್ರಲ್ಲ ಅಂದಳು. ಅದಕ್ಕೆ ಬಂದ ಉತ್ತರ ಕೇಳಿ: "ಅವರದು ಹಳ್ಳಿ ಕಡೆ ಫ್ರೆಂಚು ಕಣಮ್ಮ. ಶುದ್ಧ ಇರಲಿಲ್ಲ."

ವರ್ಷ ಕಳೆದಂತೆ ಕತೆ ಬೆಳೆಯಿತು. "ನನ್ನ ಫ್ರೆಂಚು ಇರದಿದ್ರೆ ಆವತ್ತು ಒಂದು ಜೀವ ಹೋಗ್ತಿತ್ತು" ಅಂತ ಗೈಡ್ ಮಾವ ಊರ ಸಭೆಯಲ್ಲಿ ಹೇಳಿ ಶಾಲು ಹೊದಿಸಿಕೊಂಡರು. ನಕ್ಕಿದ್ದ ಜನವೇ ಚಪ್ಪಾಳೆ ತಟ್ಟಿತು. ಅಪ್ಪ ಅದಾದ ಮೇಲೂ ಆಟೋ ಓಡಿಸಿದರು. ಫಾರಿನ್ನಿನವರು ಕೈ ತೋರಿಸಿದರೆ ಮಾತ್ರ ತಲೆ ತಗ್ಗಿಸಿಕೊಂಡು ಮುಂದೆ ಹೋಗಿಬಿಡುತ್ತಿದ್ದರು. ನಾನು ಗೈಡ್ ಮಾವನ ಜೊತೆ ಮಾತು ಬಿಟ್ಟೆ. ಬಿ.ಎಡ್. ಮುಗಿಸಿ ಅರಸೀಕೆರೆಯಲ್ಲಿ ಲೆಕ್ಕದ ಮೇಡಂ ಆದೆ. ಅಮ್ಮ ಹೋದ ಮೇಲೆ ಅಪ್ಪ ನನ್ನ ಜೊತೆಗೇ ಇದ್ದಾರೆ.

ಗೈಡ್ ಮಾವನ ಸಾವಿನ ಸುದ್ದಿ ಬಂದಾಗ ನಾನು ಹೊರಡಲಿಲ್ಲ. "ಹನ್ನೊಂದನೇ ದಿನಕ್ಕಾದ್ರೂ ಹೋಗಿ ಬತ್ತೀನಿ" ಅಂತ ಅಪ್ಪ ಒಬ್ಬರೇ ಬಸ್ಸು ಹತ್ತಿದರು. ನನಗೆ ಮೈ ಉರಿಯಿತು. ಅಂಗಿ ಬಿಚ್ಚಿಸಿದವನ ತಿಥಿ ಊಟ ಬೇರೆ ಮಾಡಿ ಬನ್ನಿ ಅಂತ ಹಂಗಿಸಿದೆ. ಬೈಯಬೇಕು ಅಂತ ಇಷ್ಟು ವರ್ಷ ಕೂಡಿಟ್ಟುಕೊಂಡಿದ್ದೆ ನೋಡಿ. ಕೇಳಿಸಿಕೊಳ್ಳಬೇಕಾದ ಮನುಷ್ಯನೇ ಇಲ್ಲವಾಗಿ, ಆ ಬೈಗುಳವೆಲ್ಲ ಅಪ್ಪನ ಮೇಲೆ ಬಿತ್ತು.

ಅಪ್ಪ ಹೋದದ್ದು ಊಟಕ್ಕಲ್ಲ. ಅತ್ತೆಯನ್ನು ಒಂದು ಮಾತು ಕೇಳುವುದಿತ್ತಂತೆ. ಆ ಮುದುಕಪ್ಪ ಆಮೇಲೆ ಏನಾದರು, ನಿಮ್ಮ ಯಜಮಾನರು ಏನಾದರೂ ಹೇಳಿದ್ದರಾ ಅಂತ. ಅತ್ತೆ, ಈಗ ಮುಚ್ಚಿಟ್ಟು ಏನು ಅಂತ ಹೇಳಿಬಿಟ್ಟರಂತೆ. ಆಸ್ಪತ್ರೆಯ ಗೇಟಿನಲ್ಲಿ ಕಾರು ನಿಂತಾಗ ಗೈಡ್ ಮಾವನಿಗೆ ದಿಗಿಲು ಹತ್ತಿತಂತೆ. ಒಳಗೆ ಡಾಕ್ಟರು ಆ ಹೆಂಗಸನ್ನ ಇದು ಕೇಳು, ಅದು ಕೇಳು ಅಂದುಬಿಟ್ಟರೆ? ಎಲೆಅಡಿಕೆ ತಗೊಂಡು ಬರ್ತೀನಿ ಅಂತ ಇಳಿದವರು ವಾಪಸ್ ಹೋಗಲೇ ಇಲ್ಲ. ಸೀಟಿನಲ್ಲಿ ಬಿದ್ದಿದ್ದ ಟೋಪಿ ಹೇಗೋ ಕೈಯಲ್ಲೇ ಬಂದಿತ್ತು. ರಾತ್ರಿ ನೆಂಟರ ಮನೆಯಲ್ಲಿ ಮಲಗಿ ಬೆಳಿಗ್ಗೆ ಬಸ್ಸು ಹತ್ತಿದರು. ಆ ಮುದುಕಪ್ಪ ಉಳಿದರೋ ಇಲ್ಲವೋ ಅವರಿಗೂ ಗೊತ್ತಿರಲಿಲ್ಲ.

ಅಪ್ಪ ವಾಪಸ್ ಬಂದು ಬಾಗಿಲಲ್ಲೇ ಇದನ್ನೆಲ್ಲ ಹೇಳಿದಾಗ ನಾನು ಗೈಡ್ ಮಾವನನ್ನು ಬಾಯಿಗೆ ಬಂದಂತೆ ಬೈದೆ. ಅಪ್ಪ ಚಪ್ಪಲಿ ಬಿಟ್ಟು ಜಗಲಿಯ ಮೇಲೆ ಕೂತರು. ಕೊಟ್ಟ ನೀರು ಕುಡಿದು, ಲೋಟ ಕೆಳಗಿಡದೆ, ಬೀದಿ ನೋಡುತ್ತಾ ಮಾತಾಡಿದರು.

"ಆವಮ್ಮ ಒಬ್ಳೇ ಹೋಗವ್ಳೆ ಕಣವ್ವ ಒಳಕ್ಕೆ... ನನ್ನ ಕೈ ಹಿಡ್ದು ಎಳುದ್ಲು, ಬಾ ಅಂತ. ಅದು ನಂಗೆ ಅರ್ಥ ಆಗಿತ್ತು. ಭಾಷೆ ಬರೋರು ಹತ್ಕೊಂಡವ್ರಲ್ಲ, ಇನ್ನು ನಾನ್ಯಾಕೆ ಅಂತ ಸುಮ್ಕೆ ನಿಂತ್ಬುಟ್ಟೆ."