ದಿಲದಾರನಿಗೆ ನಾನು ಕೊಟ್ಟ ಸೊನ್ನೆ

ಸಾಬಮ್ಮ, ನಿನ್ನ ಹಾಡು ನಿಲ್ಲಿಸಿದವನು ನಾನು. ಅದು ತಪ್ಪೆಂದು ಎರಡೇ ವರ್ಷದಲ್ಲಿ ನನಗೆ ಖಚಿತವಾಗಿತ್ತು—ಆಮೇಲೆ ಇಷ್ಟು ಕಾಲ ಬಾಯಿ ಮುಚ್ಚಿಕೊಂಡಿದ್ದವನೂ ನಾನೇ.

ಶಹಾಪುರದಲ್ಲಿ ಮಕ್ಕಳ ಜನಪದ ಗೀತೆಗಳ ಸ್ಪರ್ಧೆ. ಹಳ್ಳಿ ಹಳ್ಳಿ ತಿರುಗಿ ಹಾಡು ಸಂಗ್ರಹಿಸಿದ ಸಂಶೋಧಕನೆಂದು ನನಗೆ ಶಾಲು ಹೊದಿಸಿ ತೀರ್ಪುಗಾರನಾಗಿ ಕೂರಿಸಿದ್ದರು. ನೀನು ನಿನ್ನ ಆಯಿಯ ಜೊತೆ, ಅಂದರೆ ಅಜ್ಜಿಯ ಜೊತೆ, ಗೋಗಿಯಿಂದ ಟಂಟಂ ಗಾಡಿ ಹತ್ತಿ ಬಂದಿದ್ದೆ. ಆಗ ನೀನು ನಾಲ್ಕನೆಯ ತರಗತಿ ಎನ್ನುತ್ತದೆ ನನ್ನ ದಿನಚರಿ, ಐದನೆಯದು ಎನ್ನುತ್ತದೆ ಸ್ಪರ್ಧಿಗಳ ಯಾದಿ. ಇದೊಂದನ್ನು ಇನ್ನೂ ಇತ್ಯರ್ಥ ಮಾಡಲಾಗಿಲ್ಲ. ಆ ವರ್ಷ ಟಿವಿಯಲ್ಲಿ ಹಾಡಿ ಮನೆಮಾತಾಗಿದ್ದ ಗಾಯಕಿಯಂತೆ ನೀನು ಹಣೆಯ ಮೇಲೆ ಕೂದಲು ಕತ್ತರಿಸಿಕೊಂಡಿದ್ದೆ. ಅವಳಂತೆಯೇ ಮೈಕು ಓರೆ ಹಿಡಿದು, ಇನ್ನೊಂದು ಕೈ ಕಿವಿಗಿಟ್ಟು ಹಾಡಿದೆ:

“ದಿಲದಾರ ಬಂದಾನ ಬಾಗಿಲಿಗಿ, ಬಿಂದಿಗಿ ಇಳಸ ತಂಗಿ…”

ಎರಡನೆಯ ಸಾಲಿಗೆ ನಾನು ಬಿಡಲಿಲ್ಲ. ನನ್ನ ಮುಂದೆಯೂ ಒಂದು ಮೈಕು ಇತ್ತು.

“ಯಾರಂಗ ಆಗ್ಬೇಕಂತ ಮಾಡೀಯವ್ವಾ?”

ನೀನು ಖುಷಿಯಿಂದ ಆ ಗಾಯಕಿಯ ಹೆಸರು ಹೇಳಿದೆ. ಸಭೆ ನಕ್ಕಿತು.

“ದಿಲದಾರ ಅಂತ ನಮ್ಮ ಮಂದಿ ಹಾಡ್ತಾರೇನು? ಇದು ಸಿನಿಮಾ ಮಾತು. ಟಿವಿ ನೋಡಿ ಕಲ್ತದ್ದು ಇಲ್ಲಿ ನಡ್ಯಂಗಿಲ್ಲ. ಇಳಿ ಕೆಳಗ.”

“ನಮ್ಮ ಆಯಿ ಹಾಡ್ರಿ ಸರ್ ಇದು.”

“ಹಂಗಾದ್ರ ಆಯೀನೂ ಟಿವಿ ನೋಡಾಕತ್ತಾಳ ಬಿಡು.”

ಸಭೆ ಮತ್ತೆ ನಕ್ಕಿತು. ಹಿಂದಿನ ಸಾಲಿನಲ್ಲಿ ನಿನ್ನ ಆಯಿ ಎದ್ದು ನಿಂತರು. “ಟಿವಿ ಬಾಜೂ ಮನ್ಯಾಗ ಐತ್ರಿ ಸಾಹೇಬ್ರ. ಹಾಡು ನಮ್ಮ ಮನ್ಯಾಗಿಂದ್ರಿ.”

ಇದಕ್ಕಿಂತ ಖಚಿತವಾದ ವಾಕ್ಯವನ್ನು ನನ್ನ ಯಾವ ಪ್ರಬಂಧದಲ್ಲೂ ನಾನು ಬರೆದಿಲ್ಲ. ಅದಕ್ಕೆ ನಾನು ಕೊಟ್ಟ ಉತ್ತರ ಸೊನ್ನೆ ಅಂಕ. ಸಾಲದ್ದಕ್ಕೆ ಪತ್ರಿಕೆಯಲ್ಲೊಂದು ಲೇಖನ—ಜನಪ್ರಿಯ ಸಂಗೀತವೂ ತಾರೆಯರೂ ನಮ್ಮ ಮಕ್ಕಳನ್ನು ಹೇಗೆ ಕೆಡಿಸುತ್ತಿದ್ದಾರೆ ಎಂಬುದಕ್ಕೆ ನಿನ್ನ ಹೆಸರು, ನಿನ್ನ ಊರು ನಿದರ್ಶನ.

ನಾನು ಕೈ ನೋಡಿದ್ದೆ, ಹಾಡು ಕೇಳಿರಲಿಲ್ಲ. ಮಗು ತಾನು ಮೆಚ್ಚಿದವರ ಹಾಗೆ ನಿಲ್ಲುತ್ತದೆ—ಅದರಲ್ಲಿ ಕೆಡುವುದೇನಿತ್ತು? ನಾನೂ ನನ್ನ ಗುರುಗಳ ಹಾಗೆಯೇ ಕನ್ನಡಕ ತೆಗೆದು, ಒರೆಸಿ, ಆಮೇಲೆ ಮಾತು ಶುರುಮಾಡುತ್ತಿದ್ದವನು. ಅದನ್ನು ಜನ ಪಾಂಡಿತ್ಯವೆಂದರು. ಇನ್ನು ದಿಲದಾರ—ಸುರಪುರದ ನಮ್ಮ ಮನೆಯಲ್ಲಿ, ಕೇಳಿದವರಿಗೆ ಮಜ್ಜಿಗೆ ಇಲ್ಲವೆನ್ನದ ನೆರೆಯವನನ್ನು ಅವ್ವ ಹಾಗೇ ಕರೆಯುತ್ತಿದ್ದಳು. ನಿಜಾಮರ ಕಾಲದಿಂದ ನಮ್ಮ ನಾಲಗೆಯ ಮೇಲಿದ್ದ ಮಾತು. ಪದವಿಗಳು ಬಂದ ಮೇಲೆ, ಹೆತ್ತವಳ ಮಾತೇ ನನ್ನ ಕಿವಿಗೆ ಪರದೇಶಿಯಾಯಿತು.

ಎರಡು ವರ್ಷದ ನಂತರ ಹಳೆಯ ಧ್ವನಿಸುರುಳಿಗಳನ್ನು ಜೋಡಿಸುವಾಗ ಒಂದರಲ್ಲಿ ಅದೇ ಹಾಡು ಬಂತು. ನೀನು ಹುಟ್ಟುವುದಕ್ಕೆ ಎಷ್ಟೋ ಮುಂಚೆ, ಗೋಗಿಯ ಕಣವೊಂದರಲ್ಲಿ, ನಾನೇ ಮುದ್ರಿಸಿಕೊಂಡದ್ದು. ಹಾಡಿದವರು ನಿನ್ನ ಆಯಿ. ಸುರುಳಿಗೆ ಅಂಟಿಸಿದ ಚೀಟಿಯಲ್ಲಿ ಅವರ ಹೆಸರು ನನ್ನದೇ ಅಕ್ಷರದಲ್ಲಿ. ಚೀಟಿಯಲ್ಲಿ ‘ಮೂಲ’ ಎಂಬ ಜಾಗ ಮಾತ್ರ ಖಾಲಿ. ವಾರ ಚೀಟಿಯಲ್ಲಿ ಸೋಮವಾರ, ದಿನಚರಿಯಲ್ಲಿ ಮಂಗಳವಾರ. ಆ ಒಂದು ದಿನದ ವ್ಯತ್ಯಾಸ ಬಗೆಹರಿಸಲು ಮೂರು ದಿನ ಕಳೆದೆ—ಸೋಮವಾರವೇ ಸರಿ—ಆಮೇಲೆ ಪೆಟ್ಟಿಗೆ ಮುಚ್ಚಿದೆ. ಲೇಖನ ಪುಸ್ತಕಕ್ಕೆ ಸೇರಿತು. ಎರಡನೆಯ ಮುದ್ರಣದಲ್ಲಿ ಅದರೊಳಗಿನ ಒಂದು ತಾರೀಖಿನ ತಪ್ಪು ತಿದ್ದಿದೆ. ನಿನ್ನ ಹೆಸರಿದ್ದ ಸಾಲಿನ ಮೇಲೆ ಪೆನ್ನು ಹಾದುಹೋಯಿತು, ನಿಲ್ಲಲಿಲ್ಲ. ಹೇಡಿಯ ಅಕ್ಷರ ಇಷ್ಟು ದುಂಡಗಿರಬಾರದು.

ಕಳೆದ ತಿಂಗಳು ಸೈದಾಪುರದ ನಿಲ್ದಾಣದಲ್ಲಿ ರೈಲಿಗೆ ಕಾಯುತ್ತಿದ್ದೆ. “ಏ ಗೋಗಿ ಸಾಬವ್ವ, ನಾಳಿ ಫ್ಯಾಕ್ಟರಿಗಿ ಬರ್ತಿಯೋ ಇಲ್ಲೋ?” ಎಂದು ಒಬ್ಬ ಹೆಂಗಸು ಕೂಗಿದಳು. ತಿರುಗಿ ನೋಡಿದೆ. ಅದೇ ಹಣೆ, ಅದೇ ಕಣ್ಣು—ನೀನೇ. ಪಕ್ಕದಲ್ಲಿ ನಿನ್ನ ಮಗಳು ನೀರಿನ ಬಾಟಲಿಯನ್ನು ಮೈಕಿನಂತೆ ಓರೆ ಹಿಡಿದು, ಕಿವಿಗೆ ಕೈಯಿಟ್ಟು, ಫೋನಿನಲ್ಲಿ ಕಲಿತ ಯಾವುದೋ ಹಾಡು ಹಾಡುತ್ತಿದ್ದಳು. ನೀನು ಆ ಕೈ ಎಳೆದು ಇಳಿಸಿದೆ.

“ಬಾಯಿ ಮುಚ್ಚವ್ವ. ಮಂದಿ ನಗ್ತಾರ.”

ನಾನು ಎದ್ದು ನಿನ್ನ ಬಳಿ ಬರಲಿಲ್ಲ. ರೈಲು ಬಂತು, ಹತ್ತಿದೆ.

ಹೆಸರಾದವರನ್ನು ನೋಡಿ ಮಕ್ಕಳು ಕೆಡುತ್ತಾರೆಂದು ಬರೆದಿದ್ದೆ. ಆ ದಿನ ವೇದಿಕೆಯ ಮೇಲೆ ಶಾಲು ಹೊದ್ದು ಕೂತಿದ್ದ ಹೆಸರಾದವನು ನಾನೇ. ಆಯಿಯ ಹಾಡು ನಿನ್ನಲ್ಲೇ ನಿಂತುಹೋಯಿತು. ಆ ಖಾಲಿ ಜಾಗಕ್ಕೆ ಫೋನು ಬಂತು. ಖಾಲಿ ಮಾಡಿದವಳು ಆ ಗಾಯಕಿಯಲ್ಲ.

ಈ ವರ್ಷವೂ ಶಹಾಪುರದ ಸ್ಪರ್ಧೆಗೆ ನನ್ನನ್ನು ಕರೆದಿದ್ದಾರೆ. ಅದೇ ಮೈಕಿನ ಮುಂದೆ ಈ ಕಾಗದ ಓದಿ, ಸುರುಳಿ ಕೇಳಿಸಿ, ಕೆಳಗೆ ಇಳಿಯುತ್ತೇನೆ. ಹಾಡಿನ ಒಂದು ಪ್ರತಿ ನಿನ್ನ ಮಗಳಿಗೆ ತಲುಪುತ್ತದೆ. ನೀನು ಬರಬೇಕೆಂದಾಗಲಿ, ಕ್ಷಮಿಸಬೇಕೆಂದಾಗಲಿ ಕೇಳುವ ಹಕ್ಕು ನನಗಿಲ್ಲ.

ಚೀಟಿಯ ಖಾಲಿ ಜಾಗವನ್ನು ಇವತ್ತು ತುಂಬಿದೆ. ಮೂಲ: ನಮ್ಮ ಮನ್ಯಾಗಿಂದ್ರಿ.